‘ರೋಗ ಬಂದಾಗಿದೆ, ಇನ್ನೇನು ತಡೆಯೋದು?’ ಎಂದ ಅಧಿಕಾರಿಗಳಿಗೆ

ನೆಡುತೋಪು, ನರ್ಸರಿ, ತೋಟಗಾರಿಕೆ ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೂ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರ.

ಹೋದ ಮಳೆಗಾಲದ ಕೊನೆಗೆ ತೀರ್ಥಹಳ್ಳಿ ಸೀಮೆಯ ಒಂದು ಊರಲ್ಲಿ ಎಲೆಚುಕ್ಕೆ ರೋಗದ ಬಗ್ಗೆ ಸಭೆ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಯಾವ ಔಷಧಿ, ಎಷ್ಟು ಲೀಟರಿಗೆ ಎಷ್ಟು, ಸಬ್ಸಿಡಿ ಯಾವಾಗ, ಇಷ್ಟೇ ಮಾತು ನಡೆದಿತ್ತು. ಕೊನೆಗೆ ಎದ್ದು ನಿಂತು ಕೇಳಿದೆ: ‘ಸಾರ್, ಹೊರಗಿನಿಂದ ಗಾಡಿಗಟ್ಟಲೆ ಅಡಿಕೆ ಸಸಿ ಬರ್ತಾ ಇದೆ. ಅದಕ್ಕೆ ರೋಗ ಇದೆಯಾ ಅಂತ ಯಾರಾದ್ರೂ ನೋಡ್ತಾರಾ?’

ವೇದಿಕೆ ಮೇಲಿದ್ದ ಅಧಿಕಾರಿ ನಕ್ಕರು. ‘ರೋಗ ಬಂದಾಗಿದೆ ಮಾರಾಯ್ರೆ, ಇನ್ನೇನು ತಡೆಯೋದು?’ ಎಂದರು. ಸಭೆಯೂ ನಕ್ಕಿತು. ನಾನೂ ನಕ್ಕು ಕೂತೆ. ಕಾಫಿ ಕುಡಿದು ಮನೆಗೆ ಬಂದೆ.

ರಾತ್ರಿ ಮಲಗಿದರೂ ಆ ಮಾತು ಬಿಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ನಮ್ಮೆಲ್ಲರ ಮನಸ್ಸಿನಲ್ಲಿರುವ ಮಾತೇ. ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿ ಏನು ಉಪಯೋಗ, ಅಲ್ವಾ? ಆದರೆ ಬೂಷ್ಟು ರೋಗದ ವಿಷಯದಲ್ಲಿ ಈ ಲೆಕ್ಕ ತಪ್ಪು. ಒಂದೇ ಹೆಸರಿನ ರೋಗ ಎರಡನೇ ಸಲವೂ ಬರಬಹುದು. ಎರಡನೇ ಸಲ ಬಂದದ್ದು ಮೊದಲು ಬಂದದ್ದರ ಜೊತೆ ಕೂಡಿದರೆ ಹುಟ್ಟುವುದು ಮೂರನೆಯದು. ಇದನ್ನು ನಾನು ಕಲಿತದ್ದು ಪೈನ್ ಮರಗಳ ಕಥೆಯಿಂದ.

ಅಡಿಕೆ ಬೆಳೆಯುವವನಿಗೆ ಪೈನ್ ಯಾಕೆ ಎಂದು ಕೇಳಬೇಡಿ. ನಾನು ಹಳೇ ಕಾಲದ ಬಿ.ಎಸ್ಸಿ. ಬಾಟನಿ. ತೋಟಕ್ಕೆ ಬಂದ ಮೇಲೂ ಓದುವ ಚಟ ಹೋಗಿಲ್ಲ. ಪೈನ್ ಅಂದರೆ ನಮಗೆ ಊಟಿ, ಕೊಡೈಕೆನಾಲ್. ಮರದ ನಡುವೆ ನಿಂತು ಫೋಟೊ ತೆಗೆಸಿಕೊಂಡು ಬಂದಿರುತ್ತೇವೆ, ಅಷ್ಟೇ. ಆದರೆ ಜಗತ್ತಿನ ಎಷ್ಟೋ ದೇಶಗಳಲ್ಲಿ ಪೈನ್ ಎಂದರೆ ನಮ್ಮ ಅಡಿಕೆ ಇದ್ದ ಹಾಗೆ. ಗುಡ್ಡ ಗುಡ್ಡವೇ ಒಂದೇ ಮರ. ಆ ಮರಕ್ಕೆ ಬಿದ್ದ ರೋಗದ ಬೆನ್ನು ಹತ್ತಿ, ಅದರ ವಂಶಾವಳಿಯನ್ನೇ ಬಿಡಿಸಿಟ್ಟವರು ಆ ದೇಶಗಳ ವಿಜ್ಞಾನಿಗಳು.

ರೋಗದ ಹೆಸರು ಡೋತಿಸ್ಟ್ರೋಮಾ. ಅದನ್ನು ತರುವುದು ಅದೇ ಹೆಸರಿನ ಶಿಲೀಂಧ್ರ, ಅಂದರೆ ಒಂದು ಬೂಷ್ಟು. ಪೈನ್ ಎಲೆ ಸೂಜಿಯ ಹಾಗಿರುತ್ತದೆ. ಆ ಸೂಜಿಗೆ ಬಳೆ ತೊಡಿಸಿದ ಹಾಗೆ ಕೆಂಪು ಪಟ್ಟಿ ಬೀಳುತ್ತದೆ. ಪಟ್ಟಿಯಿಂದ ಆಚೆಗಿನ ತುದಿ ಒಣಗುತ್ತದೆ. ಆಮೇಲೆ ಅದೇ ಪಟ್ಟಿಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಏಳುತ್ತವೆ. ಮಳೆಹನಿ ಬಿದ್ದಾಗ ಅಲ್ಲಿಂದ ಬೀಜಕಣ ಸಿಡಿದು ಪಕ್ಕದ ಎಲೆಗೆ ಹಾರುತ್ತದೆ. ಕೆಳಗಿನ ಟೊಂಗೆಯಲ್ಲಿ ಶುರುವಾಗಿ ಮೇಲೇರುತ್ತದೆ. ಆ ಕೆಂಪು ಬಣ್ಣ ಡೋತಿಸ್ಟ್ರೋಮಿನ್ ಎಂಬ ವಿಷದ್ದು. ಬೂಷ್ಟು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್‌ಗೆ ಅದು ದೂರದ ನೆಂಟ.

ಇದನ್ನು ಓದುವಾಗ ನನಗೆ ಕಂಡದ್ದು ನಮ್ಮ ತೋಟ. ಅದೇ ಜಡಿಮಳೆ, ಅದೇ ಹನಿಯ ಸಿಡಿತ. ನಮ್ಮಲ್ಲೂ ಮೊದಲು ಕೆಡುವುದು ಕೆಳಗಿನ ಸೋಗೆಯೇ.

1957ರಲ್ಲಿ ಪೂರ್ವ ಆಫ್ರಿಕಾದಲ್ಲಿ, ಈಗಿನ ಟಾಂಜಾನಿಯಾದಲ್ಲಿ, ರೇಡಿಯೇಟಾ ಪೈನ್ ತೋಪುಗಳಿಗೆ ಇದು ಬಿತ್ತು. ರೇಡಿಯೇಟಾ ಕ್ಯಾಲಿಫೋರ್ನಿಯಾದ ಕಡಲ ಬದಿಯ ಮರ. ಬೇಗ ಬೆಳೆಯುತ್ತದೆ ಎಂದು ಜಗತ್ತೆಲ್ಲ ಕೊಂಡೊಯ್ದಿದ್ದರು. ಕೆಲವೇ ವರ್ಷಗಳಲ್ಲಿ ಆ ಭಾಗದವರು ಈ ಮರ ನೆಡುವುದನ್ನೇ ಕೈಬಿಟ್ಟರು. ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲೂ 1960ರ ದಶಕದಲ್ಲೇ ಈ ರೋಗ ದಾಖಲಾಗಿದೆ. ಅದೇ ದಶಕದಲ್ಲಿ ನ್ಯೂಜಿಲೆಂಡಿಗೂ ಹೋಯಿತು. ಆ ದೇಶದಲ್ಲಿ ನೆಟ್ಟ ಕಾಡಿನ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಈ ಒಂದೇ ಮರ. ಮುಳುಗಿತು ಎಂದೇ ಅನ್ನಿಸಬೇಕಿತ್ತು. ಮುಳುಗಲಿಲ್ಲ.

ಯಾಕೆ ಎನ್ನುವುದು ಸ್ವಾರಸ್ಯದ್ದು. ಕಣ್ಣಿಗೆ ಕಾಣುವ ಕಾರಣ ತಾಮ್ರ. ವಿಮಾನದಲ್ಲಿ ತಾಮ್ರದ ಔಷಧಿ ಹೊಡೆದರು, ಇವತ್ತಿಗೂ ಹೊಡೆಯುತ್ತಾರೆ. ನಾವು ಮೈಲುತುತ್ತ ಸುಣ್ಣ ಕಲಸಿ ಹೊಡೆಯುತ್ತೇವಲ್ಲ, ಅದೇ ಮನೆತನದ್ದು. ಕರಡದ ಕೊಟ್ಟೆ ಕಟ್ಟಿ ಗೊನೆ ಉಳಿಸಿಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಈ ಮೈಲುತುತ್ತ ಸುಣ್ಣದ, ಅಂದರೆ ಬೋರ್ಡೋ ದ್ರಾವಣದ, ದಾರಿ ತೋರಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, 1910ರಲ್ಲಿ ಅಡಿಕೆಗೊನೆಯ ಕೊಳೆರೋಗದ ಬಗ್ಗೆ ವರದಿ ಬರೆದರು. (ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗೆ ಹತ್ತಿರದ್ದು ಎಂದು ಈಗ ಹೇಳುತ್ತಾರೆ. ಗೊನೆ ಉದುರುವುದಂತೂ ತಪ್ಪಿಲ್ಲ.) ಎರಡನೇ ಕಾರಣ ಮರದ ವಯಸ್ಸು. ರೇಡಿಯೇಟಾಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ರೋಗದ ಕಾಟ ಕಡಿಮೆ. ಎಳೆಯ ಮರಕ್ಕೆ ಮಾತ್ರ ಹೊಡೆದರೆ ಸಾಕು. ಜೊತೆಗೆ, ರೋಗ ತಡೆಯುವ ಮರಗಳನ್ನು ಆರಿಸಿ ಅವುಗಳ ಬೀಜ ಬೆಳೆಸಿದರು.

ಕಣ್ಣಿಗೆ ಕಾಣದ ಇನ್ನೊಂದು ಕಾರಣ ಇದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ನ್ಯೂಜಿಲೆಂಡಿನ ಬೇರೆ ಬೇರೆ ಮೂಲೆಗಳಿಂದ ಈ ಶಿಲೀಂಧ್ರವನ್ನು ತಂದು ಡಿಎನ್ಎ ಹೋಲಿಸಿ ನೋಡಿದರು. ಎಲ್ಲವೂ ಒಂದೇ. ಇಡೀ ದೇಶದ ರೋಗ ಒಂದೇ ತಾಯಿಯ ನಕಲು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಹೊಳೆಬದಿಯ ಒಂದು ಅಪ್ಪೆಮಿಡಿ ಮರದ ಕಡ್ಡಿ ತಂದು ನೂರು ಗಿಡಕ್ಕೆ ಕಸಿ ಕಟ್ಟಿದರೆ ನೂರರ ಮಿಡಿಯೂ ಒಂದೇ ಪರಿಮಳ. ಅದೇ ಮರದ ನೂರು ಓಟೆ, ಅಂದರೆ ಬೀಜ, ಹಾಕಿ ಬೆಳೆಸಿದರೆ ಒಂದು ಹುಳಿ, ಒಂದು ಸಪ್ಪೆ, ಒಂದಕ್ಕೆ ಸೊನೆ ಜಾಸ್ತಿ. ಮೊದಲನೆಯದಕ್ಕೆ ಕ್ಲೋನ್ ಎನ್ನುತ್ತಾರೆ. ನ್ಯೂಜಿಲೆಂಡಿಗೆ ಬಂದ ರೋಗ ಆ ತರಹದ್ದು.

ಓಟೆ ಹಾಕಿದಾಗ ಬಗೆಬಗೆ ಹುಟ್ಟುವುದು ಯಾಕೆ? ಎರಡು ಮರಗಳ ಕೂಟದಿಂದ ಬಂದದ್ದು ಅದು. ಶಿಲೀಂಧ್ರದಲ್ಲೂ ಕೂಟ ಇದೆ. ಗಂಡು ಹೆಣ್ಣು ಎಂದಲ್ಲ, ಡೋತಿಸ್ಟ್ರೋಮಾದಲ್ಲಿ ಎರಡು ಬಗೆ. ನಮ್ಮಲ್ಲಿ ಗೋತ್ರ ಅನ್ನಿ, ಬಳಿ ಅನ್ನಿ, ಅದರ ಹಾಗೆ. ಒಂದೇ ಬಳಿಯವರ ನಡುವೆ ಸಂಬಂಧ ಕೂಡಿಬರುವುದಿಲ್ಲ. ಒಂದೇ ಬಳಿಯದ್ದು ಕೋಟಿಗಟ್ಟಲೆ ಇದ್ದರೂ ಸುಮ್ನೆ ತನ್ನ ನಕಲು ತಾನು ಮಾಡಿಕೊಂಡು ಇರುತ್ತದೆ. ಇನ್ನೊಂದು ಬಳಿಯದ್ದು ಬಂದು ಸೇರಿತೋ, ಪ್ರತಿ ವರ್ಷ ಹೊಸ ಹೊಸ ಜೋಡಣೆಯ ಮಕ್ಕಳು. ಅದರಲ್ಲೊಂದು, ನಾವು ಕಷ್ಟಪಟ್ಟು ಆರಿಸಿ ಬೆಳೆಸಿದ ರೋಗ ತಡೆಯುವ ಮರವನ್ನೇ ಹಿಡಿಯಬಹುದು. ಅಷ್ಟೇ ಅಲ್ಲ, ಕೂಟದಿಂದ ಹುಟ್ಟುವ ಬೀಜಕಣ ಮಳೆಹನಿಗೆ ಕಾಯದೆ ಗಾಳಿಯಲ್ಲಿ ದೂರ ತೇಲಬಲ್ಲದು.

ನ್ಯೂಜಿಲೆಂಡಿನಲ್ಲಿ ಇರುವುದು ಒಂದೇ ಬಳಿ. ಆಸ್ಟ್ರೇಲಿಯಾದಲ್ಲೂ ಹಾಗೇ. ಅದಕ್ಕೇ ಅಲ್ಲಿನ ವಿಜ್ಞಾನಿಗಳು, ರೋಗ ಬಂದು ದಶಕಗಳೇ ಕಳೆದ ಮೇಲೂ, ಇನ್ನೊಂದು ಬಳಿಯದ್ದು ಒಳಗೆ ಬಾರದಂತೆ ಬಾಗಿಲು ಕಾಯಿರಿ ಎನ್ನುತ್ತಾರೆ. ರೋಗ ಬಂದಾಗಿದೆ, ನಿಜ. ಅರ್ಧ ರೋಗ ಮಾತ್ರ ಬಂದಿದೆ ಎನ್ನುವುದು ಅವರ ಲೆಕ್ಕ. ಸಾರ್, ಸಭೆಯಲ್ಲಿ ಉತ್ತರ ಹೊಳೆಯಲಿಲ್ಲ. ಇದು ಅದರ ಉತ್ತರ.

ಇನ್ನೊಂದು ಕಡೆಯದ್ದನ್ನೂ ಕೇಳಿ. ಕೆನಡಾದ ಪಶ್ಚಿಮಕ್ಕೆ ಬ್ರಿಟಿಷ್ ಕೊಲಂಬಿಯಾ ಇದೆ. 1990ರ ದಶಕದ ಕೊನೆಗೆ ಅಲ್ಲಿನ ಲಾಡ್ಜ್‌ಪೋಲ್ ಪೈನ್‌ಗೆ ಇದೇ ಡೋತಿಸ್ಟ್ರೋಮಾ ಬಿತ್ತು. ಬೆಳೆದು ನಿಂತ ಮರಗಳೂ ಸತ್ತವು, ಅದು ಹಿಂದೆ ಕಂಡಿರದ ಸಂಗತಿ. ಎಲ್ಲಿಂದಲೋ ಬಂದ ಹೊಸ ರೋಗ ಎಂದು ಯಾರಿಗಾದರೂ ಅನ್ನಿಸುತ್ತದೆ. ಡಿಎನ್ಎ ನೋಡಿದರೆ ತಿರುವುಮುರುವು. ಎರಡೂ ಬಳಿ ಇವೆ, ಬಗೆಗಳು ರಾಶಿ ರಾಶಿ. ನಿನ್ನೆ ಮೊನ್ನೆ ಬಂದ ನೆಂಟನಿಗೆ ಅಷ್ಟು ದೊಡ್ಡ ಸಂಸಾರ ಇರುವುದಿಲ್ಲ. ಅದು ಅಲ್ಲೇ ಹಳೆಯ ಕಾಲದಿಂದ ಇದ್ದದ್ದು. ಬದಲಾದದ್ದು ಬೇಸಿಗೆಯ ಮಳೆ, ಅದು ಜಾಸ್ತಿಯಾಯಿತು. ಮತ್ತೆ ಬದಲಾದದ್ದು ನೆಟ್ಟವರ ಅಭ್ಯಾಸ, ಒಂದೇ ಮರವನ್ನು ಎಲ್ಲೆಲ್ಲೂ ಹಾಕಿದರು.

ನೋಡಿ, ಒಂದೇ ಬೂಷ್ಟು. ಒಂದು ದೇಶಕ್ಕೆ ಅದು ಬಂದದ್ದು, ಇನ್ನೊಂದರಲ್ಲಿ ಇದ್ದದ್ದು. ಬಂದದ್ದಾದರೆ ಗೇಟು ಕಾಯಬೇಕು. ಇದ್ದದ್ದಾದರೆ ಗೇಟು ಕಾದು ಹೆಚ್ಚಿನ ಪ್ರಯೋಜನ ಇಲ್ಲ, ನೆಡುವ ರೀತಿ ಬದಲಿಸಬೇಕು. ಎಲೆ ಮೇಲಿನ ಚುಕ್ಕೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಚುಕ್ಕೆ ಎರಡೂ ಕಡೆ ಒಂದೇ ತರಹ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಎಲೆಚುಕ್ಕೆ ಬಂದದ್ದಾ, ಇದ್ದದ್ದಾ?

ನನ್ನ ಅಪ್ಪನಿಗೂ ಎಲೆಚುಕ್ಕೆ ಗೊತ್ತಿತ್ತು. ಅಲ್ಲೊಂದು ಇಲ್ಲೊಂದು ಸೋಗೆಯಲ್ಲಿ ಕಾಣುತ್ತಿತ್ತು, ಯಾರೂ ತಲೆಕೆಡಿಸಿಕೊಂಡವರಲ್ಲ. ಈಗ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪ, ಕಳಸ, ಎಲ್ಲಿ ಹೋದರೂ ಸುಟ್ಟ ಹಾಗೆ ನಿಂತ ತೋಟಗಳಿವೆ. ನಮ್ಮ ಎರಡೆಕರೆಯಲ್ಲಿ ಕೆಳಗಿನ ಮೂರು ನಾಲ್ಕು ಸೋಗೆ ಹೋದ ಮರಗಳೇ ಜಾಸ್ತಿ. ಒಂದು ಕಡೆ ಎಲೆ ಪರೀಕ್ಷೆಗೆ ಕೊಟ್ಟೆ. ತಿಂಗಳುಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು: ಕೊಲೆಟೋಟ್ರೈಕಮ್. ಕಳ್ಳ ಯಾರು ಎಂದು ಕೇಳಿದವನಿಗೆ ‘ಗಂಡಸು’ ಎಂದ ಹಾಗಾಯಿತು. ಕೊಲೆಟೋಟ್ರೈಕಮ್ ಒಂದು ಕೂಡುಕುಟುಂಬ. ಮಾವಿನ ಹೂ ಕರಗಿಸುವುದು, ಮೆಣಸಿನಕಾಯಿ ಕೊಳೆಸುವುದು, ವೀಳ್ಯದೆಲೆಗೆ ಚುಕ್ಕೆ ಹಾಕುವುದು ಎಲ್ಲ ಅದರ ದಾಯಾದಿಗಳೇ. ಎಲೆಚುಕ್ಕೆಯಲ್ಲಿ ಅದರ ಜೊತೆ ಫಿಲೋಸ್ಟಿಕ್ಟಾ ಎಂಬ ಇನ್ನೊಂದು ಶಿಲೀಂಧ್ರವೂ ಸಿಗುತ್ತದೆ. ನಮ್ಮ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ, ಅದರ ಎಲೆಗೂ ಕೊಲೆಟೋಟ್ರೈಕಮ್ ಬೀಳುತ್ತದೆ. ಬಳ್ಳಿಯದ್ದೂ ಸೋಗೆಯದ್ದೂ ಒಂದೇನಾ, ಬೇರೆಯಾ? ಒಂದೇ ಆದರೆ ಸೋಗೆ ಕೊಯ್ದು ಸುಟ್ಟರೂ ರೋಗ ಬಳ್ಳಿಯಲ್ಲಿ ಕೂತು ಕಾಯುತ್ತದೆ.

ಹೆಸರಿನ ವಿಷಯದಲ್ಲಿ ಪೈನ್‌ನವರೇ ಎಡವಿದ್ದಾರೆ. 2004ರವರೆಗೆ ಡೋತಿಸ್ಟ್ರೋಮಾ ರೋಗಕ್ಕೆ ಒಂದೇ ಶಿಲೀಂಧ್ರ ಕಾರಣ ಎಂದುಕೊಂಡಿದ್ದರು. ಡಿಎನ್ಎ ನೋಡಿದಾಗ ಅದು ಸೆಪ್ಟೋಸ್ಪೋರಂ ಮತ್ತು ಪೈನಿ ಎಂದು ಎರಡು ಪ್ರಭೇದ. ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರೆ ಮಾಡುವುದು ಕಷ್ಟ. ಆಮೇಲೆ ಅವರು ಹಿಂದೆ ಬೀಳಲಿಲ್ಲ. 2012ರಲ್ಲಿ ಸೆಪ್ಟೋಸ್ಪೋರಂನ ಇಡೀ ಜೀನೋಮ್, ಅಂದರೆ ಡಿಎನ್ಎಯ ಪೂರ್ತಿ ಬರಹ, ಓದಿ ಪ್ರಕಟಿಸಿದರು, ಸುಮಾರು 3 ಕೋಟಿ ಅಕ್ಷರ.

ಸ್ಕಾಟ್ಲೆಂಡಿನ ಕಥೆ ನನ್ನನ್ನು ಹೆಚ್ಚು ಕಾಡಿದ್ದು. ಬ್ರಿಟನ್ನಿನಲ್ಲಿ ಈ ರೋಗ 1954ರಲ್ಲೇ ದಕ್ಷಿಣದ ಒಂದು ನರ್ಸರಿಯಲ್ಲಿ ಸಿಕ್ಕಿತ್ತು. ನಲವತ್ತು ವರ್ಷ ಹೆಚ್ಚೇನೂ ಸದ್ದಿಲ್ಲ. 1990ರ ದಶಕದ ಕೊನೆಗೆ ಕಾರ್ಸಿಕನ್ ಪೈನ್ ತೋಪುಗಳಲ್ಲಿ ಭುಗಿಲೆದ್ದಿತು. 2007ರಲ್ಲಿ ಸರ್ಕಾರಿ ಕಾಡುಗಳಲ್ಲಿ ಆ ಮರ ನೆಡುವುದನ್ನೇ ನಿಲ್ಲಿಸಿದರು. ಸ್ಕಾಟ್ಲೆಂಡಿನಲ್ಲಿ ಪ್ರಾಚೀನವಾದ ಸ್ಕಾಟ್ಸ್ ಪೈನ್ ಕಾಡುಗಳಿವೆ, ನಮ್ಮ ಸೊರಬ ಸಾಗರದ ಕಾನುಗಳ ಹಾಗೆ ಅಳಿದುಳಿದ ತುಣುಕುಗಳು. ಅವುಗಳ ಪಕ್ಕದಲ್ಲೇ ಕೆನಡಾ ಕಡೆಯ ಲಾಡ್ಜ್‌ಪೋಲ್ ತೋಪು. ಡಿಎನ್ಎ ನೋಡಿದಾಗ ಆ ನಾಡಿನಲ್ಲಿ ಡೋತಿಸ್ಟ್ರೋಮಾದ ಮೂರು ಕುಲ ಸಿಕ್ಕವು. ಒಂದು ಹಳೇ ಕಾಡಿನದ್ದು, ಒಂದು ದಕ್ಷಿಣದ ಕಡೆಯದ್ದು, ಒಂದು ಲಾಡ್ಜ್‌ಪೋಲ್ ಜೊತೆ ಅಂಟಿಕೊಂಡದ್ದು. ಎರಡೂ ಬಳಿ ಇವೆ. ಹಳೇ ಕಾಡಿನ ಪೈನ್ ತನ್ನ ಮನೆಯ ರೋಗದ ಜೊತೆ ಸಾವಿರಾರು ವರ್ಷ ಹೊಂದಿಕೊಂಡು ಬಾಳಿರಬಹುದು. ಪಕ್ಕದ ತೋಪಿನಿಂದ ಬರುವ ಕುಲದ ಜೊತೆ ಅದಕ್ಕೆ ಪರಿಚಯವೇ ಇಲ್ಲ. ಮೂರೂ ಬೆರೆತರೆ ಏನಾಗುತ್ತದೆ ಎನ್ನುವುದೇ ಅಲ್ಲಿಯವರ ಚಿಂತೆ.

ನಮ್ಮಲ್ಲಿ ತೋಪು ಎಂದರೆ ಅಕೇಶಿಯಾ. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ ಕೊಟ್ಟ ಕಾಡುಭೂಮಿಯ 40 ವರ್ಷದ ಗುತ್ತಿಗೆ 2020ಕ್ಕೆ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನಲ್ಲಿ ದನಿ ಎದ್ದದ್ದು ನಿಮಗೆ ನೆನಪಿದೆ. ಅಂತರ್ಜಲ, ದರಕಿನ ಗೊಬ್ಬರ, ದನದ ಮೇವು, ಎಲ್ಲದರ ಬಗ್ಗೆ ಮಾತಾಡಿದೆವು. ರೋಗದ ಬಗ್ಗೆ ಮಾತಾಡಿದ್ದು ಕಡಿಮೆ. ಇಂಡೋನೇಷ್ಯಾ, ಮಲೇಷ್ಯಾ, ವಿಯೆಟ್ನಾಂಗಳಲ್ಲಿ ಮ್ಯಾಂಜಿಯಂ ಅಕೇಶಿಯಾ ತೋಪುಗಳನ್ನು ಸೆರಾಟೋಸಿಸ್ಟಿಸ್ ಎಂಬ ಶಿಲೀಂಧ್ರ ಒಣಗಿಸಿ ಹಾಕಿದೆ. ಸುಮಾತ್ರಾದ ಕಂಪನಿಗಳು ಆ ಮರ ಬಿಟ್ಟು ನೀಲಗಿರಿ ನೆಡಲು ಹೊರಟವು. ಅದೇ ಕುಟುಂಬದ ಶಿಲೀಂಧ್ರ ಓಮಾನ್ ಮತ್ತು ಪಾಕಿಸ್ತಾನದಲ್ಲಿ ಮಾವಿನ ಮರವನ್ನು ಕೊಂದಿದೆ. ನಮ್ಮ ಕಡೆ ಜಾಸ್ತಿ ಇರುವುದು ಆರಿಕ್ಯುಲಿಫಾರ್ಮಿಸ್ ಎಂಬ ಇನ್ನೊಂದು ಅಕೇಶಿಯಾ, ಅದು ಸಮಾಧಾನದ ಮಾತು. ಆದರೆ ಬೇಗ ದಪ್ಪವಾಗುತ್ತದೆ ಎಂದು ಎರಡರ ಮಿಶ್ರತಳಿಯ ಕ್ಲೋನ್ ಸಸಿ ನೆಡುವ ಉತ್ಸಾಹ ಇದೆಯಲ್ಲ, ಅಲ್ಲಿ ನನಗೆ ಹೆದರಿಕೆ. ಕ್ಲೋನ್ ತೋಪಿನಲ್ಲಿ ಒಂದು ಮರಕ್ಕೆ ಹಿಡಿದದ್ದು ಎಲ್ಲ ಮರಕ್ಕೂ ಹಿಡಿಯುತ್ತದೆ. ಅತ್ತ ಬೂಷ್ಟು ಬಗೆಬಗೆ, ಇತ್ತ ಮರ ಒಂದೇ ಬಗೆ. ಜೂಜಿನಲ್ಲಿ ಒಂದೇ ಎಲೆಗೆ ಮನೆ ಪಣ ಇಟ್ಟ ಹಾಗೆ.

ಇನ್ನು ನರ್ಸರಿ. ಪೈನ್‌ಗೆ ಪಿಚ್ ಕ್ಯಾಂಕರ್ ಎಂಬ ಇನ್ನೊಂದು ರೋಗ ಇದೆ, ಕಾಂಡದಿಂದ ರಾಳ ಸುರಿಯುತ್ತದೆ. ಫ್ಯುಸೇರಿಯಂ ಕುಟುಂಬದ್ದು, ತವರು ಮೆಕ್ಸಿಕೋ ಕಡೆ. ಅಲ್ಲಿ ಅದರ ಬಗೆಗಳಿಗೆ ಲೆಕ್ಕವಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಬೆರಳೆಣಿಕೆಯ ಕ್ಲೋನ್‌ಗಳು. ದಕ್ಷಿಣ ಆಫ್ರಿಕಾದಲ್ಲಿ 1990ರಲ್ಲಿ ಮೊದಲು ಕಂಡದ್ದು ಒಂದು ನರ್ಸರಿಯಲ್ಲಿ, ಎಳೆಯ ಸಸಿಗಳ ಬೇರಿನಲ್ಲಿ. ದೊಡ್ಡ ಮರಗಳಲ್ಲಿ ಕಾಣಿಸಿಕೊಳ್ಳಲು ಹದಿನೈದು ವರ್ಷ ಹಿಡಿಯಿತು. ಹದಿನೈದು ವರ್ಷ ಅದು ಸಸಿಯ ಜೊತೆ, ಬೀಜದ ಜೊತೆ, ಮಣ್ಣಿನ ಜೊತೆ ಓಡಾಡುತ್ತಿತ್ತು. ಈಗ ಅಲ್ಲಿ ಪಾಟುಲಾ ಪೈನ್ ಬದಲು ರೋಗ ತಡೆಯುವ ಮಿಶ್ರತಳಿ ನೆಡುತ್ತಿದ್ದಾರೆ.

ನಮ್ಮ ಅಡಿಕೆ ಸಸಿಗಳ ಓಡಾಟ ನೋಡಿ. ಮಲೆನಾಡಿನ ಗೋಟು, ಅಂದರೆ ಬಿತ್ತನೆಯ ಅಡಿಕೆ, ದಾವಣಗೆರೆ, ಚಿತ್ರದುರ್ಗದ ಕಡೆಗೆ ಹೋಗುತ್ತದೆ. ಅಲ್ಲಿ ಬೆಳೆದ ಸಸಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಣ್ಣು ಸಮೇತ ವಾಪಸ್ ಬರುತ್ತದೆ. ಕರಾವಳಿಯದ್ದು ಘಟ್ಟ ಹತ್ತುತ್ತದೆ. ಬಯಲುಸೀಮೆಯ ಹೊಸ ತೋಟ ಎಲ್ಲ ಕಡೆಯ ಸಸಿಯ ಸಂತೆ. ಬೇರೆ ಬೇರೆ ಕಣಿವೆಗಳಲ್ಲಿ ತಮ್ಮ ಪಾಡಿಗೆ ಇದ್ದ ಬೂಷ್ಟುಗಳಿಗೆ ಹೆಣ್ಣು ನೋಡುವ ಶಾಸ್ತ್ರವನ್ನು ನಾವೇ ಮಾಡಿಸುತ್ತಿದ್ದೇವೆ. ಖರ್ಚೂ ನಮ್ಮದೇ.

ಔಷಧಿಯ ಬಗ್ಗೆಯೂ ಒಂದು ಮಾತು. ಬೋರ್ಡೋ ಶಿಲೀಂಧ್ರಕ್ಕೆ ಹತ್ತು ಕಡೆಯಿಂದ ಹೊಡೆಯುತ್ತದೆ. ಅದಕ್ಕೇ ನೂರು ವರ್ಷದಿಂದ ಕೆಲಸ ಮಾಡುತ್ತಿದೆ. ಪ್ರೊಪಿಕೊನಜೋಲ್ ತರಹದ ಈಗಿನ ಔಷಧಿಗಳು ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದೇ ಕ್ಲೋನ್ ಇದ್ದರೆ ಅದರಿಂದ ತಪ್ಪಿಸಿಕೊಳ್ಳುವ ಬಗೆ ಹುಟ್ಟಲು ಸಮಯ ಬೇಕು. ಬಗೆಗಳ ಸಂತೆಯೇ ನೆರೆದಿದ್ದರೆ ತಪ್ಪಿಸಿಕೊಳ್ಳುವವನು ಆಗಲೇ ಗುಂಪಿನಲ್ಲಿ ನಿಂತಿರಬಹುದು. ನಾವು ಅದನ್ನೇ ಮತ್ತೆ ಮತ್ತೆ ಹೊಡೆದು ಉಳಿದವರನ್ನು ಕೊಂದು, ಅವನಿಗೆ ಜಾಗ ಮಾಡಿಕೊಡುತ್ತೇವೆ. ಎಷ್ಟು ಸಲ ಹೊಡೆಯಬೇಕು, ಯಾವುದನ್ನು ಬದಲಿಸಿ ಹೊಡೆಯಬೇಕು ಎಂದು ಹೇಳುವ ಮೊದಲು ಎದುರಿಗೆ ಇರುವುದು ಒಂದು ಬಗೆಯೋ ನೂರೋ ಎಂದು ನಿಮಗೆ ಗೊತ್ತಿರಬೇಡವೇ?

ನಾನು ಕೇಳುವುದು ಚಂದ್ರಯಾನ ಅಲ್ಲ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಮ್ಮ ಇರುವಕ್ಕಿಯಲ್ಲೇ ಇದೆ. ಪೊನ್ನಂಪೇಟೆಯ ಅರಣ್ಯ ಕಾಲೇಜೂ ಅದರದ್ದೇ. ಅಡಿಕೆಯವರೂ ಕಾಡಿನವರೂ ಒಂದೇ ಸೂರಿನಡಿ ಇರುವುದು ನಮ್ಮ ಅದೃಷ್ಟ. ಡಿಎನ್ಎ ಬೆರಳಚ್ಚು ತೆಗೆಯುವುದು ಈಗ ಪಿಎಚ್.ಡಿ. ಮಕ್ಕಳು ದಿನಾ ಮಾಡುವ ಕೆಲಸ. ಅವರಿಗೆ ಬೇಕಾದದ್ದು ಮಾದರಿ. ಅದನ್ನು ಊರೂರಿಂದ ತರಿಸಿಕೊಡುವ ಬಲ ನಿಮ್ಮ ಇಲಾಖೆಗಳಿಗಿದೆ. ಒಂದೇ ತೋಟದಿಂದ ಒಂದು ಮೂಟೆ ಎಲೆ ತಂದರೆ ಸಾಲದು. ಮಲೆನಾಡಿನ ಪ್ರತಿ ಹೋಬಳಿಯಿಂದ, ಬಯಲುಸೀಮೆಯ ಹೊಸ ತೋಟಗಳಿಂದ, ಸಸಿ ಮಾರುವ ನರ್ಸರಿಗಳಿಂದ ತರಿಸಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತದೆ, ಕಾಗದದ ಲಕೋಟೆ ಕೊಡಿ. ಅದೇ ಓಡಾಟದಲ್ಲಿ ಅಕೇಶಿಯಾ ತೋಪಿನಲ್ಲಿ ಒಣಗುತ್ತಿರುವ ಮರ ಕಂಡರೆ ಅದರ ತೊಗಟೆಯನ್ನೂ ತನ್ನಿ. ಎಷ್ಟು ಬಗೆ ಸಿಕ್ಕವು, ಎರಡು ಬಳಿ ಇವೆಯಾ, ನರ್ಸರಿಯದ್ದೂ ತೋಟದ್ದೂ ಒಂದೇನಾ, ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿ. ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟವಾದದ್ದು ನಮ್ಮ ಬೇಲಿ ದಾಟಿ ಒಳಗೆ ಬರುವುದಿಲ್ಲ.

ಉತ್ತರ ಬರುವವರೆಗೆ ಸಸಿ ಗಾಡಿಗಳಿಗೆ ಒಂದು ತಪಾಸಣೆ ಇರಲಿ. ಚುಕ್ಕೆ ಇರುವ ಸಸಿ ತಾಲ್ಲೂಕು ದಾಟಬಾರದು, ಅಷ್ಟೇ. ಇದಕ್ಕೆ ನಮ್ಮವರೇ ಗೊಣಗುತ್ತಾರೆ, ಗೊತ್ತು. ನಾನೂ ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಹೊರಗಿನ ಇನ್ನೂರು ಸಸಿ ತಂದು ನೆಟ್ಟವನು. ಅದರ ಎಲೆ ತಿರುಗಿಸಿ ನೋಡುವ ಬುದ್ಧಿ ಆಗ ಇರಲಿಲ್ಲ. ತೋಪಿನ ವಿಷಯದಲ್ಲಿ, ಮುಂದಿನ ಜೂನ್‌ಗೆ ಗುಂಡಿ ತೋಡಿಸುವ ಮೊದಲು ಯಾವ ಸಸಿ, ಎಷ್ಟು ಕ್ಲೋನ್, ಎಲ್ಲಿಂದ ತಂದದ್ದು ಎಂದು ಬೋರ್ಡಿನಲ್ಲಿ ಬರೆಸಿ. ವರ್ಷ, ಹೆಕ್ಟೇರ್, ಖರ್ಚು ಬರೆಯುವ ಹಳದಿ ಬೋರ್ಡು ಹೇಗೂ ಇದೆ, ಇನ್ನೊಂದು ಸಾಲಿಗೆ ಜಾಗ ಆಗುತ್ತದೆ.

ಮಾದರಿಗೆ ಬರುವವರು ನಮ್ಮ ತೋಟದಿಂದಲೇ ಶುರು ಮಾಡಬಹುದು. ತೋಟದ ಮೇಲಿನ ತುಂಡಿನಲ್ಲಿ ಹೊರಗಿನಿಂದ ತಂದ ಆ ಇನ್ನೂರು ಸಸಿ ಈಗ ಆಳೆತ್ತರ ಆಗಿವೆ, ಕೆಳಗಿನ ತುಂಡಿನಲ್ಲಿ ಅಪ್ಪ ನೆಟ್ಟ ಮರಗಳಿವೆ. ಎರಡರಲ್ಲೂ ಚುಕ್ಕೆ ಇದೆ. ಎರಡೂ ಚುಕ್ಕೆ ಒಂದೇನಾ ಎಂದು ನನಗೂ ತಿಳಿಯಬೇಕು. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟ, ಆದರೆ ದೋಟಿ ಇದೆ, ಸೋಗೆ ನಾನೇ ಇಳಿಸಿಕೊಡುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ಮಳೆ ಹಿಡಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಿಂದಿನ ಸಾಲಿನಲ್ಲಿ ಎದ್ದು ನಿಂತು ಕೇಳಿದವನು,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ